ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಊರೂರಿನ ಸಮಯ ಲೆಕ್ಕ ಹಾಕುವ ಝೋನ್‌ಇನ್ಫೊ ಬಳಸಿ ನೋಡಿದೆ, ಇನ್ನು ಹಳೆಯದಕ್ಕೆ ಹೋಗಲ್ಲ

ಬೆಳಿಗ್ಗೆ 9 ಗಂಟೆಗೆ ಬುಕ್ ಮಾಡಿದ ಸ್ಲಾಟ್ ಸ್ಕ್ರೀನ್ ಮೇಲೆ 8:37 ಅಂತ ಕಾಣಿಸುತ್ತಿತ್ತು. ಎರಡು ದಿನ ಅದರ ಹಿಂದೆ ಬಿದ್ದಿದ್ದೆ. ಐದೂವರೆ ಗಂಟೆ ವ್ಯತ್ಯಾಸ ಇದ್ದಿದ್ದರೆ ಯುಟಿಸಿ (ಎಲ್ಲ ದೇಶಗಳ ಸಮಯಕ್ಕೂ ಆಧಾರವಾದ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ) ಗೊಂದಲ ಅಂತ ತಕ್ಷಣ ಹೊಳೆಯುತ್ತಿತ್ತು. ಈ 23 ನಿಮಿಷ ಎಲ್ಲಿಂದ ಬಂತು?

ಹಳೇ ಕಲ್ಕತ್ತಾದಿಂದ ಬಂದಿತ್ತು. ಆಗ ನಾವು ಇದೇ ಕೆಲಸಕ್ಕೆ ಪೈಟಿಝೆಡ್ ಅನ್ನುವ ಹಳೇ ಲೈಬ್ರರಿ ಬಳಸುತ್ತಿದ್ದೆವು. ಅದರಲ್ಲಿ ಭಾರತದ ಸಮಯ ವಲಯದ ಹೆಸರಾದ ಏಷ್ಯಾ/ಕೋಲ್ಕತಾ ಅನ್ನು ನೇರವಾಗಿ ಡೇಟ್‌ಟೈಮ್‌ಗೆ (ಪೈಥಾನ್ ತಾರೀಖು, ಸಮಯ ಇಡುವ ರೂಪ) ಕೊಟ್ಟುಬಿಟ್ಟರೆ ಪಟ್ಟಿಯಲ್ಲಿ ಮೊದಲು ಇರುವ ಆಫ್‌ಸೆಟ್ಟೇ (ಯುಟಿಸಿಯಿಂದ ಇರುವ ವ್ಯತ್ಯಾಸ) ಅಂಟಿಕೊಳ್ಳುತ್ತದೆ, ಅದು 1906ರಲ್ಲಿ ಐಎಸ್‌ಟಿ (ಭಾರತೀಯ ಪ್ರಮಾಣಿತ ಸಮಯ) ಬರುವುದಕ್ಕೆ ಎಷ್ಟೋ ಮುಂಚೆ ಕಲ್ಕತ್ತಾದಲ್ಲಿದ್ದ ಸ್ಥಳೀಯ ಸಮಯ, ಯುಟಿಸಿಗಿಂತ 5:53 ಮುಂದೆ. ಹಾಗಾಗಿ ನಮ್ಮ 9 ಗಂಟೆ ಯುಟಿಸಿಯಲ್ಲಿ 3:30 ಆಗುವ ಬದಲು 3:07 ಆಗಿ ಡೇಟಾಬೇಸ್‌ನಲ್ಲಿ ಕೂತಿತ್ತು, ತೋರಿಸುವಾಗ ಐದೂವರೆ ಕೂಡಿ 8:37 ಆಗುತ್ತಿತ್ತು. ಲೋಕಲೈಝ್ ಫಂಕ್ಷನ್ ಬಳಸಿ ಅಂತ ಅದರ ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಬಳಸದಿದ್ದರೆ ಎರರ್ ಬರುವುದಿಲ್ಲ, ಕೋಡ್ ಸುಮ್ನೆ ಓಡುತ್ತದೆ. ಅದೇ ತೊಂದರೆ.

ಝೋನ್‌ಇನ್ಫೊದಲ್ಲಿ ಈ ಕಾಟ ಇಲ್ಲ. 2020ರ ಅಕ್ಟೋಬರ್‌ನಲ್ಲಿ ಪೈಥಾನ್ 3.9ರ ಜೊತೆಗೇ ಬಂತು, ಪಾಲ್ ಗ್ಯಾನ್ಸಲ್ ಬರೆದ ಪೆಪ್ 615 ಅನ್ನುವ ಪ್ರಸ್ತಾವದಿಂದ. ವಲಯದ ಹೆಸರು ಕೊಟ್ಟು ನೇರವಾಗಿ ಡೇಟ್‌ಟೈಮ್‌ಗೆ ಹಾಕಿ, ಆ ತಾರೀಖಿಗೆ ಸರಿಯಾದ ಆಫ್‌ಸೆಟ್ ಅದೇ ಹುಡುಕಿಕೊಳ್ಳುತ್ತದೆ. ಬೇರೆ ಊರಿನ ಸಮಯ ಬೇಕೆಂದರೆ ಆಸ್‌ಟೈಮ್‌ಝೋನ್ ಅಂತ ಒಂದು ಕರೆ, ಅಷ್ಟೇ.

ನಿಜವಾದ ಪರೀಕ್ಷೆ ನವೆಂಬರ್‌ನಲ್ಲಿ. ನ್ಯೂಯಾರ್ಕ್‌ನವರ ಜೊತೆ ಕೆಲಸ ಮಾಡುವ ಎಲ್ಲರಿಗೂ ಗೊತ್ತು, ಸಂಜೆ 6:30ರ ಮೀಟಿಂಗ್ ಒಂದು ಸೋಮವಾರ 7:30 ಆಗಿಬಿಡುತ್ತದೆ. 2024ರಲ್ಲಿ ನವೆಂಬರ್ 3ರಂದು ಅಲ್ಲಿ ಬೇಸಿಗೆ ಸಮಯ ಮುಗಿದು ರಾತ್ರಿ 2 ಗಂಟೆಗೆ ಗಡಿಯಾರ ಹಿಂದೆ ಹೋಗಿ ಮತ್ತೆ 1 ಆಯಿತು. ಅಂದರೆ ಆ ರಾತ್ರಿ 1:30 ಎರಡು ಸಲ ಬಂತು, ಅಲ್ವಾ? ಅದರಲ್ಲಿ ಯಾವುದು ಅಂತ ಹೇಳುವುದಕ್ಕೆ ಫೋಲ್ಡ್ ಅನ್ನುವ ಗುರುತು ಇದೆ. 0 ಕೊಟ್ಟೆ, ನಮ್ಮ ಸಮಯ ಬೆಳಿಗ್ಗೆ 11 ಅಂತ ಬಂತು. 1 ಕೊಟ್ಟೆ, ಮಧ್ಯಾಹ್ನ 12. ಎರಡೂ ಸರಿ. ಏನೂ ಕೊಡದಿದ್ದರೆ ಮೊದಲನೆಯದು ಅಂತಲೇ ತೆಗೆದುಕೊಳ್ಳುತ್ತದೆ, ಅದು ನೆನಪಿರಲಿ.

ಕೊರತೆ ಇಲ್ಲವೇ ಇಲ್ಲ ಅಂತಲ್ಲ. ವಿಂಡೋಸ್‌ನಲ್ಲಿ ಇದಕ್ಕೆ ಬೇಕಾದ ವಲಯಗಳ ಡೇಟಾ ಇರುವುದಿಲ್ಲ, ಟಿಝೆಡ್‌ಡೇಟಾ ಪ್ಯಾಕೇಜ್ ಬೇರೆಯಾಗಿ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ವಲಯ ಸಿಗಲಿಲ್ಲ ಅಂತ ಎರರ್, ಕನಿಷ್ಠ ಎರರ್ ಆದರೂ ಬರುತ್ತದಲ್ಲ. ನನಗೆ ಜಾಸ್ತಿ ಬೇಜಾರಾಗುವುದು ಕಳೆಯುವ ಲೆಕ್ಕದಲ್ಲಿ. ನ್ಯೂಯಾರ್ಕ್ ಸಮಯದಲ್ಲೇ ನವೆಂಬರ್ 4ರ ಮಧ್ಯರಾತ್ರಿಯಿಂದ 3ರ ಮಧ್ಯರಾತ್ರಿ ಕಳೆದರೆ 24 ಗಂಟೆ ಅನ್ನುತ್ತದೆ. ನಿಜವಾಗಿ ಕಳೆದದ್ದು 25. ಎರಡೂ ಒಂದೇ ವಲಯ ಅಂತಾದರೆ ಪೈಥಾನ್ ಗಡಿಯಾರದ ಮುಳ್ಳನ್ನಷ್ಟೇ ನೋಡುತ್ತದೆ. ಶಿಫ್ಟ್ ಸಂಬಳ ಲೆಕ್ಕ ಹಾಕುವವರು ದಯವಿಟ್ಟು ಎರಡನ್ನೂ ಮೊದಲು ಯುಟಿಸಿಗೆ ತಂದು ಆಮೇಲೆ ಕಳೆಯಿರಿ, ಯಾರದೋ ಒಂದು ಗಂಟೆಯ ದುಡ್ಡು ಹೋಗುತ್ತದೆ.

ನಮಗೆ ಯಾವಾಗಲೂ ಐದೂವರೆ ತಾನೇ, ಅಷ್ಟು ಕೂಡಿದರೆ ಸಾಕು ಅನ್ನುವವರು ತುಂಬಾ ಜನ ಇದ್ದಾರೆ. ಆದರೆ ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. 1944ರ ಒಂದು ತಾರೀಖು ಕೊಟ್ಟು ನೋಡಿದೆ, ಝೋನ್‌ಇನ್ಫೊ ಆರೂವರೆ ಅಂದಿತು. ಜಾತಕದ ಸಾಫ್ಟ್‌ವೇರ್ ಬರೆಯುವವರು ಇದನ್ನು ಒಮ್ಮೆ ನೋಡಬೇಕು. ಒಂದು ಗಂಟೆ ಆಚೀಚೆ ಆದರೆ ಲಗ್ನವೇ ಬೇರೆ ಆಗಬಹುದು, ಆ ವರ್ಷಗಳಲ್ಲಿ ಹುಟ್ಟಿದ ಅಜ್ಜ ಅಜ್ಜಿಯರು ಎಷ್ಟೋ ಮನೆಗಳಲ್ಲಿ ಇನ್ನೂ ಇದ್ದಾರೆ.