ಹೈಸ್ಕೂಲಿನ ಫೈನ್ ಆರ್ಟ್ಸ್ ಕ್ರೆಡಿಟ್ ಆನ್‌ಲೈನಿನಲ್ಲಿ: ಫ್ಲೋರಿಡಾ ವರ್ಚುವಲ್ ಸ್ಕೂಲ್ ನಮಗೆ ಹೇಗನ್ನಿಸಿತು

ಗ್ರ್ಯಾಜುಯೇಷನ್‌ಗೆ ಒಂದು ಫೈನ್ ಆರ್ಟ್ಸ್ ಕ್ರೆಡಿಟ್ (ಕಲೆಯ ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಅಂಕ) ಬಾಕಿ ಇದೆ, ಶಾಲೆಯ ಟೈಮ್‌ಟೇಬಲ್‌ನಲ್ಲಿ ಜಾಗ ಇಲ್ಲ, ಆನ್‌ಲೈನಿನಲ್ಲಿ ಏನು ತಗೊಳ್ಳೋದು ಅಂತ ಹುಡುಕುತ್ತಿರುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಫ್ಲೋರಿಡಾದಲ್ಲಿ ಇದ್ದೀರಾ? ಹಾಗಾದರೆ ಬೇರೆ ಎಲ್ಲೂ ದುಡ್ಡು ಕಟ್ಟುವ ಮುಂಚೆ ಫ್ಲೋರಿಡಾ ವರ್ಚುವಲ್ ಸ್ಕೂಲ್ ನೋಡಿ. ಎಲ್ಲರೂ ಎಫ್‌ಎಲ್‌ವಿಎಸ್ ಅಂತಲೇ ಕರೆಯುತ್ತಾರೆ. 1997ರಿಂದ ನಡೆಯುತ್ತಿರುವ ಸರ್ಕಾರಿ ಶಾಲೆ ಇದು. ಫ್ಲೋರಿಡಾದ ಮಕ್ಕಳಿಗೆ ಫೀಸ್ ಇಲ್ಲ.

ನಮಗೆ ಇದು ಬೇಕಾಗಿದ್ದು ಜಾರ್ಜಿಯಾ ರಾಜ್ಯದಿಂದ ಬಂದಿದ್ದರಿಂದ. ಅಲ್ಲಿ ಫೈನ್ ಆರ್ಟ್ಸ್ ಅಂತ ಪ್ರತ್ಯೇಕ ಕಡ್ಡಾಯ ಇಲ್ಲ. ಭಾಷೆ, ಟೆಕ್ನಿಕಲ್ ಕೋರ್ಸು, ಕಲೆ, ಈ ಮೂರರಲ್ಲಿ ಯಾವುದರಿಂದಾದರೂ ಸೇರಿಸಿ 3 ಯೂನಿಟ್ (ಕ್ರೆಡಿಟ್‌ಗೆ ಅಲ್ಲಿನ ಹೆಸರು) ಆದರೆ ಸಾಕು. ಮಗಳು ಸ್ಪ್ಯಾನಿಷ್ ತಗೊಂಡಿದ್ದಳು, ಉಳಿದದ್ದು ಟೆಕ್ನಿಕಲ್. ಫ್ಲೋರಿಡಾದಲ್ಲಿ ಡಿಪ್ಲೊಮಾಗೆ 24 ಕ್ರೆಡಿಟ್ ಬೇಕು, ಅದರಲ್ಲಿ 1 ಕಲೆಯ ಗುಂಪಿನದು. ಶಾಲೆಯ ಕೌನ್ಸೆಲರ್ ಅವಳ ಟ್ರಾನ್ಸ್‌ಕ್ರಿಪ್ಟ್ (ಮುಗಿಸಿದ ಕೋರ್ಸು, ಮಾರ್ಕ್ಸುಗಳ ಪಟ್ಟಿ) ನೋಡಿ ಈ ಒಂದು ಸಾಲು ಖಾಲಿ ಇದೆ ಎಂದರು. ಅಷ್ಟರಲ್ಲಿ ಕೆಮಿಸ್ಟ್ರಿ, ಕ್ಯಾಲ್ಕುಲಸ್ ಎಲ್ಲ ಸೇರಿ ದಿನದ ಎಲ್ಲ ಪೀರಿಯಡ್ಡೂ ತುಂಬಿಹೋಗಿತ್ತು.

ಇಲ್ಲಿ ಒಂದು ವಿಷಯ. ಫ್ಲೋರಿಡಾದ ಆ ಒಂದು ಕ್ರೆಡಿಟ್ ಚಿತ್ರಕಲೆ, ಸಂಗೀತಕ್ಕೆ ಮಾತ್ರ ಮೀಸಲಲ್ಲ. ನಾಟಕ, ನೃತ್ಯ, ಸ್ಪೀಚ್ ಅಂಡ್ ಡಿಬೇಟ್, ಪ್ರಾಕ್ಟಿಕಲ್ ಆರ್ಟ್ಸ್ ಎಂದು ಗುರುತಾದ ಕೆಲವು ಕೋರ್ಸುಗಳೂ ಅದರಲ್ಲಿ ಬರುತ್ತವೆ. ರಾಜ್ಯದ ಕೋರ್ಸ್ ಕೋಡ್ ಡೈರೆಕ್ಟರಿಯಲ್ಲಿ ಯಾವುದು ಯಾವ ಗುಂಪು ಅಂತ ಗುರುತು ಹಾಕಿರುತ್ತಾರೆ. ನಿಮ್ಮ ಮಗು ಈಗಾಗಲೇ ಮುಗಿಸಿರುವ ಯಾವುದೋ ಕೋರ್ಸು ಅಲ್ಲಿ ಇದ್ದರೂ ಇರಬಹುದು. ಹೊಸ ಕೋರ್ಸ್ ಹುಡುಕುವ ಮುಂಚೆ ಕೌನ್ಸೆಲರ್ ಹತ್ತಿರ ಇದನ್ನು ಒಮ್ಮೆ ಕೇಳಿ. ನಮ್ಮ ವಿಷಯದಲ್ಲಿ ಹಾಗೆ ಸಿಗಲಿಲ್ಲ, ಆದ್ದರಿಂದ ಕೋರ್ಸ್ ತಗೊಳ್ಳಲೇಬೇಕಾಯಿತು.

ಮೊದಲು ನಾವು ನೋಡಿದ್ದು ಒಂದು ಖಾಸಗಿ ಆನ್‌ಲೈನ್ ಶಾಲೆ. ಹೆಸರು ಹೇಳುವುದಿಲ್ಲ. ಟ್ರಯಲ್‌ನಲ್ಲಿ ಕಂಡದ್ದು ಇಷ್ಟು: ವಿಡಿಯೊ ನೋಡು, ನಾಲ್ಕರಲ್ಲಿ ಒಂದು ಉತ್ತರ ಆರಿಸು, ಕೊನೆಗೆ ಒಂದು ಚಿತ್ರ ಬರೆದು ಫೋಟೊ ಹಾಕು. ಹಾಕಿದ ತಕ್ಷಣ ಹಸಿರು ಟಿಕ್. ಮಗಳು ಕಷ್ಟಪಟ್ಟು ನೆರಳು ತುಂಬಿದ ಪೆನ್ಸಿಲ್ ಚಿತ್ರವನ್ನು ಯಾರೂ ನೋಡಲಿಲ್ಲ. ಯಾರಾದರೂ ನೋಡ್ತಾರಾ ಅಂತ ಕೇಳಿ ಇಮೇಲ್ ಮಾಡಿದರೆ ಬಂದ ಉತ್ತರದಲ್ಲಿ ಬೇಗ ಸೇರಿದರೆ ಡಿಸ್ಕೌಂಟ್ ಇದೆ ಅಂತ ಇತ್ತು, ಕೇಳಿದ್ದಕ್ಕೆ ಉತ್ತರ ಇರಲಿಲ್ಲ. ನನಗೆ ನಿಜವಾಗಿ ಬೇಜಾರಾಯಿತು. ಕಲೆಯ ಕೋರ್ಸ್ ಅಂದಮೇಲೆ ಮಗು ಮಾಡಿದ್ದನ್ನು ಒಬ್ಬ ಮನುಷ್ಯ ಕಣ್ಣಿಟ್ಟು ನೋಡಬೇಕು, ಅಲ್ವಾ? ಅದಿಲ್ಲದಿದ್ದರೆ ಸುಮ್ನೆ ಕ್ರೆಡಿಟ್ ಖರೀದಿ ಮಾಡಿದ ಹಾಗೆ.

ಎಫ್‌ಎಲ್‌ವಿಎಸ್ ನನಗೆ ಇಷ್ಟವಾಗಿದ್ದು ಇದೇ ಕಾರಣಕ್ಕೆ. ಅದರಲ್ಲಿ ಫ್ಲೆಕ್ಸ್ ಅಂತ ಒಂದು ವಿಭಾಗ ಇದೆ. ತಮ್ಮ ಶಾಲೆಯಲ್ಲೇ ಓದುತ್ತಾ ಒಂದೆರಡು ಕೋರ್ಸ್ ಮಾತ್ರ ಇಲ್ಲಿ ಮಾಡುವವರಿಗೆ ಅದು. ವರ್ಷದಲ್ಲಿ ಯಾವಾಗ ಬೇಕಾದರೂ ಸೇರಬಹುದು. ಮಗು ಅಕೌಂಟ್ ಮಾಡಿಕೊಂಡು ಕೋರ್ಸ್ ಆರಿಸುತ್ತದೆ, ಶಾಲೆಯ ಕೌನ್ಸೆಲರ್ ಒಪ್ಪಿಗೆ ಕೊಡುತ್ತಾರೆ, ಆಮೇಲೆ ಟೀಚರ್ ಜೊತೆ ಒಂದು ವೆಲ್‌ಕಮ್ ಕಾಲ್. ಪೋಷಕರಿಗೂ ಬೇರೆ ಅಕೌಂಟ್ ಇರುತ್ತದೆ, ಎಲ್ಲಿಯವರೆಗೆ ಬಂದಿದ್ದಾರೆ, ಎಷ್ಟು ಮಾರ್ಕ್ಸ್ ಅಂತ ಕಾಣುತ್ತದೆ.

ಮುಖ್ಯವಾದದ್ದು ಡಿಬಿಎ, ಅಂದರೆ ಕೋರ್ಸಿನ ನಡುನಡುವೆ ಟೀಚರ್ ಜೊತೆ ಫೋನಿನಲ್ಲಿ ಮಾತಾಡಿ ಕೊಡುವ ಪರೀಕ್ಷೆ. ಅದನ್ನು ಮಾಡದೆ ಕೋರ್ಸ್ ಮುಗಿಯುವುದಿಲ್ಲ. ಪಾಠದಲ್ಲಿ ಏನು ಕಲಿತೆ, ಈ ಕೆಲಸವನ್ನು ಯಾಕೆ ಹೀಗೆ ಮಾಡಿದೆ ಅಂತ ಕೇಳುತ್ತಾರೆ. ಮಗಳು ಆರಿಸಿದ್ದು ಕ್ರಿಯೇಟಿವ್ ಫೋಟೋಗ್ರಫಿ. ಮೊದಲ ಕರೆಗೆ ಅವಳಿಗೆ ತುಂಬಾ ಭಯ ಇತ್ತು, ಯಾಕೆಂದರೆ ಅಲ್ಲಿಯವರೆಗೆ ತನ್ನ ಕೆಲಸದ ಬಗ್ಗೆ ಯಾರ ಹತ್ತಿರವೂ ಹಾಗೆ ಬಾಯಿಬಿಟ್ಟು ಮಾತಾಡಿದ್ದೇ ಇಲ್ಲ. ಟೀಚರ್ ಅವಳ ಒಂದು ಫೋಟೊ ಹಿಡಿದುಕೊಂಡು, ಬೆಳಕು ಎಡಗಡೆಯಿಂದ ಬರುತ್ತಿದೆ, ನೀನು ಮುಖವನ್ನು ಬಲಕ್ಕೆ ಯಾಕೆ ತಿರುಗಿಸಿದೆ ಅಂತ ಕೇಳಿದರಂತೆ. ಅದಕ್ಕೆ ಉತ್ತರ ಹುಡುಕಲು ಅವಳು ಅದೇ ಕಿಟಕಿಯ ಹತ್ತಿರ ತಮ್ಮನನ್ನು ಕೂರಿಸಿ ಮತ್ತೆ ಮತ್ತೆ ಫೋಟೊ ತೆಗೆದಳು. ಯಾರೂ ಹೇಳಿರಲಿಲ್ಲ. ತಾನಾಗಿಯೇ.

ಕೋರ್ಸ್ ಆರಿಸುವಾಗ ಮಗುವಿನ ಸ್ವಭಾವ ನೋಡಿ. ಕೈಯಿಂದ ಮಾಡುವುದು ಇಷ್ಟ ಅಂದರೆ ಫೋಟೋಗ್ರಫಿ, ಗಿಟಾರ್. ಎರಡಕ್ಕೂ ಸಾಮಾನು ನಿಮ್ಮದೇ, ಎಂಥ ಕ್ಯಾಮೆರಾ ನಡೆಯುತ್ತದೆ ಅಂತ ಕೋರ್ಸ್ ಪುಟದಲ್ಲಿ ಮೊದಲೇ ನೋಡಿಕೊಳ್ಳಿ. ಓದುವುದು, ಬರೆಯುವುದು ಇಷ್ಟ ಅಂದರೆ ಎಪಿ ಆರ್ಟ್ ಹಿಸ್ಟರಿ ಇದೆ, ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಕಲಿಯುವ ಕಲೆಯ ಇತಿಹಾಸ. ಅದು ಹಗುರ ಅಂತ ಮಾತ್ರ ಅಂದುಕೊಳ್ಳಬೇಡಿ. ಎಪಿ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಪಟ್ಟಿಯಲ್ಲಿರುವ 250 ಕಲಾಕೃತಿಗಳನ್ನು ಹೆಸರು, ಕಾಲ, ಸಾಮಗ್ರಿ ಸಮೇತ ತಿಳಿದಿರಬೇಕು. ಸಾಂಚಿ ಸ್ತೂಪ, ಖಜುರಾಹೊದ ಲಕ್ಷ್ಮಣ ದೇವಾಲಯ, ಚೋಳರ ನಟರಾಜ, ತಾಜ್ ಮಹಲ್ ಎಲ್ಲ ಅದರಲ್ಲಿವೆ. ಬೇಲೂರು, ಹಳೇಬೀಡು ಇಲ್ಲ ಅನ್ನೋದು ನನಗೆ ಇವತ್ತಿಗೂ ಬೇಸರ. ಮೇ ತಿಂಗಳ ಪರೀಕ್ಷೆಯನ್ನು ನಿಮ್ಮ ಹತ್ತಿರದ ಶಾಲೆಯಲ್ಲಿ ಬರೆಯಬೇಕು, ಅದರ ನೋಂದಣಿಯನ್ನು ನೀವೇ ನೆನಪಿಟ್ಟು ಮಾಡಿಸಬೇಕು.

ಬ್ಯಾಂಡ್, ಕೋರಸ್, ನಾಟಕ ಇಷ್ಟಪಡುವ ಮಕ್ಕಳಿಗೆ ಆನ್‌ಲೈನ್ ಬೇಡ ಅಂತಲೇ ಹೇಳುತ್ತೇನೆ. ಹತ್ತು ಜನ ಒಟ್ಟಿಗೆ ಸೇರಿ ಮಾಡುವ ಕಲೆ ಮನೆಯಲ್ಲಿ ಒಬ್ಬರೇ ಕೂತು ಬರುವುದಿಲ್ಲ. ಅಂಥವರು ಇನ್ನೊಂದು ಕೋರ್ಸನ್ನು ಆನ್‌ಲೈನಿಗೆ ತಳ್ಳಿ, ಶಾಲೆಯಲ್ಲಿ ಬ್ಯಾಂಡಿಗೆ ಜಾಗ ಮಾಡಿಕೊಳ್ಳಲಿ.

ಬೇರೆ ರಾಜ್ಯಗಳಲ್ಲಿ ಇರುವವರಿಗೆ ಒಂದೆರಡು ಮಾತು. ನ್ಯೂಜೆರ್ಸಿಯಲ್ಲಿ 120 ಕ್ರೆಡಿಟ್‌ಗಳಲ್ಲಿ 5 ಕಲೆಯದು. ನ್ಯೂಯಾರ್ಕ್‌ನಲ್ಲಿ 1 ಯೂನಿಟ್. ವಾಷಿಂಗ್ಟನ್ ರಾಜ್ಯದಲ್ಲಿ 2 ಕ್ರೆಡಿಟ್. ಟೆಕ್ಸಾಸ್‌ನಲ್ಲಿ 1, ಆದರೆ ಅಲ್ಲಿ ಒಂದು ಒಳ್ಳೆಯ ಅವಕಾಶ ಇದೆ: ನಿಮ್ಮ ಶಾಲೆಗಳನ್ನು ನೋಡಿಕೊಳ್ಳುವ ಸ್ಕೂಲ್ ಡಿಸ್ಟ್ರಿಕ್ಟ್ ಒಪ್ಪಿದರೆ ಶಾಲೆಯ ಹೊರಗೆ, ಸಮುದಾಯದಲ್ಲಿ ನಡೆಯುವ ಕಲಾ ಶಿಕ್ಷಣಕ್ಕೂ ಈ ಕ್ರೆಡಿಟ್ ಸಿಗಬಹುದು. ವರ್ಷಗಟ್ಟಲೆ ಭರತನಾಟ್ಯವೋ ಕರ್ನಾಟಕ ಸಂಗೀತವೋ ಕಲಿಯುತ್ತಿರುವ ಮಕ್ಕಳಿದ್ದರೆ ಡಿಸ್ಟ್ರಿಕ್ಟ್ ಆಫೀಸಿಗೆ ಹೋಗಿ ಖಂಡಿತ ಕೇಳಿ. ಇಲ್ಲ ಅಂದರೆ ನಷ್ಟ ಏನೂ ಇಲ್ಲ.

ಕ್ಯಾಲಿಫೋರ್ನಿಯಾದವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಅಲ್ಲಿ ಡಿಪ್ಲೊಮಾದ ನಿಯಮ ಬೇರೆ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಕೇಳುವುದು ಬೇರೆ. ಯುಸಿಗೆ ಸೇರಲು ಹೈಸ್ಕೂಲಿನಲ್ಲಿ ಮುಗಿಸಬೇಕಾದ ವಿಷಯಗಳಿಗೆ ಎ-ಜಿ ಪಟ್ಟಿ ಅನ್ನುತ್ತಾರೆ, ಅದರಲ್ಲಿ ಎಫ್ ಅಂತ ಇರುವುದು ಕಲೆ, ಒಂದು ವರ್ಷ ಬೇಕು, ಅದೂ ಒಂದೇ ಕಲೆಯಲ್ಲಿ. ಒಂದು ಸೆಮಿಸ್ಟರ್ ಸಂಗೀತ, ಇನ್ನೊಂದು ಸೆಮಿಸ್ಟರ್ ಚಿತ್ರಕಲೆ ಅಂತ ಮಾಡಿದರೆ ನಡೆಯುವುದಿಲ್ಲ. ಆನ್‌ಲೈನ್ ಶಾಲೆಯ ಹೆಸರು ಮತ್ತು ಆ ಕೋರ್ಸಿನ ಹೆಸರು ಎರಡೂ ಯುಸಿಯ ಎ-ಜಿ ಕೋರ್ಸ್ ಪಟ್ಟಿಯಲ್ಲಿ ಇವೆಯಾ ಅಂತ ನೀವೇ ಹುಡುಕಿ ನೋಡಿ. ಯುಸಿ ಸ್ಕೌಟ್ ಅಂತ ಯೂನಿವರ್ಸಿಟಿಯೇ ನಡೆಸುವ ಆನ್‌ಲೈನ್ ಕೋರ್ಸುಗಳೂ ಇವೆ, ಅಲ್ಲಿಂದ ಶುರು ಮಾಡುವುದು ಒಳ್ಳೆಯದು.

ಖಾಸಗಿ ಶಾಲೆಗೆ ಹೋಗುವುದೇ ಆದರೆ ಜಾಹೀರಾತಿನಲ್ಲಿ ಅಕ್ರೆಡಿಟೆಡ್ (ಮಾನ್ಯತೆ ಪಡೆದದ್ದು) ಅಂತ ಇದ್ದರೆ ಸಾಲದು. ಯಾರು ಕೊಟ್ಟಿದ್ದು ಅಂತ ಕೇಳಿ. ಶಾಲೆಗಳಿಗೆ ಮಾನ್ಯತೆ ಕೊಡುವ ಕಾಗ್ನಿಯಾ ಸಂಸ್ಥೆಯ ಹೆಸರು ಹೇಳಿದರೆ ಕಾಗ್ನಿಯಾದ ಸೈಟಿನಲ್ಲಿ ಆ ಶಾಲೆಯ ಹೆಸರು ಹುಡುಕಿ. ಅದಿದ್ದರೂ ಕ್ರೆಡಿಟ್ ತಗೊಳ್ಳುವುದು ಬಿಡುವುದು ನಿಮ್ಮ ಶಾಲೆಗೆ ಸೇರಿದ್ದು. ಆದ್ದರಿಂದ ಕೋರ್ಸಿನ ಹೆಸರು, ಎಷ್ಟು ಕ್ರೆಡಿಟ್, ಯಾವ ಗುಂಪಿಗೆ ಸೇರುತ್ತದೆ, ಈ ಮೂರನ್ನೂ ಬರೆದು ಕೌನ್ಸೆಲರ್‌ಗೆ ಇಮೇಲ್ ಮಾಡಿ, ಒಪ್ಪಿಗೆಯ ಉತ್ತರ ಬಂದಮೇಲೆ ದುಡ್ಡು ಕಟ್ಟಿ. ಫೋನಿನಲ್ಲಿ ಹೂಂ ಅಂದಿದ್ದನ್ನು ನಂಬಬೇಡಿ. ಕೌನ್ಸೆಲರ್‌ಗಳು ಬದಲಾಗುತ್ತಾರೆ.

ಎಫ್‌ಎಲ್‌ವಿಎಸ್‌ನಲ್ಲಿ ಒಂದು ಸೆಗ್ಮೆಂಟ್ ಅಂದರೆ ಅರ್ಧ ಕ್ರೆಡಿಟ್. ಪೂರ್ತಿ ಒಂದು ಬೇಕಾದವರು ಎರಡೂ ಸೆಗ್ಮೆಂಟಿಗೆ ಹೆಸರು ಹಾಕಿದ್ದಾರಾ ಅಂತ ನೋಡಿ. ಫ್ಲೋರಿಡಾ ಬಿಟ್ಟು ಹೊರಗಿನವರಿಗೆ ಎಫ್‌ಎಲ್‌ವಿಎಸ್ ಗ್ಲೋಬಲ್ ಇದೆ, ಅದಕ್ಕೆ ಫೀಸ್ ಕಟ್ಟಬೇಕು. ಹನ್ನೆರಡನೇ ತರಗತಿಯವರು ವಸಂತದವರೆಗೆ ಕಾಯಬೇಡಿ, ಸಾಧ್ಯವಾದರೆ ಹಿಂದಿನ ಬೇಸಿಗೆಯಲ್ಲೇ ಶುರು ಮಾಡಿ. ಕೊನೆಯ ಮಾರ್ಕ್ಸ್ ಶಾಲೆಯ ಟ್ರಾನ್ಸ್‌ಕ್ರಿಪ್ಟ್‌ಗೆ ಸೇರಿದ್ದನ್ನು ಕಣ್ಣಾರೆ ನೋಡುವವರೆಗೆ ಕೌನ್ಸೆಲರ್‌ನ ಬಿಡಬೇಡಿ.