ಸೆಕೆಂಡ್ ಹ್ಯಾಂಡ್ ಕಾರಿಗೆ ಎಕ್ಸ್‌ಟೆಂಡೆಡ್ ವಾರಂಟಿ: ಕುಮಟಾದಲ್ಲಿ ಎರಡು ವರ್ಷ ಬಳಸಿದ ಮೇಲೆ

ನಮ್ಮ ಕಡೆ ಹಳೇ ಕಾರ್ ತಗೊಳ್ಳೋಕೆ ಹುಬ್ಬಳ್ಳಿಗೆ ಹೋದವ್ರಿಗೆಲ್ಲ ಪೇಪರ್ ಸಹಿ ಮಾಡೋ ಹೊತ್ತಿಗೆ ಒಂದು ಮಾತು ಎದುರಾಗುತ್ತೆ, "ವಾರಂಟಿ ಸೇರಿಸ್ಲಾ?" ಅಂತ. ಅಂದ್ರೆ ಕಂಪನಿ ವಾರಂಟಿ ಮುಗಿದ ಮೇಲೂ ಕೆಲವು ಭಾಗ ಕೆಟ್ರೆ ರಿಪೇರಿ ಖರ್ಚು ಕೊಡ್ತೀವಿ ಅಂತ ದುಡ್ಡು ತಗೊಂಡು ಮಾರೋ ಎಕ್ಸ್‌ಟೆಂಡೆಡ್ ವಾರಂಟಿ. ನಾನು ಸೇರಿಸಿಕೊಂಡೆ, ಎರಡು ವರ್ಷದ್ದು, ಈಗ ಅವಧಿ ಮುಗೀತು. ನಾನು ಕೊಟ್ಟ ದುಡ್ಡಿಗಿಂತ ಜಾಸ್ತಿನೇ ವಾಪಸ್ ಬಂತು, ಆದ್ರೂ ಎಲ್ಲರೂ ಹಾಕಿಸ್ಕೊಳ್ಳಿ ಅಂತ ಹೇಳೋಕೆ ಮನಸ್ಸು ಬರ್ತಿಲ್ಲ. ಯಾಕಂದ್ರೆ ಕರಾವಳೀಲಿ, ಘಟ್ಟದಲ್ಲಿ ಗಾಡಿ ಯಾವ್ಯಾವ ಕಾರಣಕ್ಕೆ ಹಾಳಾಗುತ್ತೋ ಅದರಲ್ಲಿ ಹೆಚ್ಚಿನವೆಲ್ಲ ಆ ವಾರಂಟಿ ಪುಸ್ತಕದ "ಇದಕ್ಕೆ ಅನ್ವಯಿಸಲ್ಲ" ಅನ್ನೋ ಪುಟದಲ್ಲೇ ಇವೆ. ಉಪ್ಪು ಗಾಳಿಯ ತುಕ್ಕು, ಇಲಿ ಕಡಿದ ವಯರು, ನೀರು ನುಗ್ಗಿದ ಇಂಜಿನ್, ಘಟ್ಟ ಹತ್ತಿ ಸವೆದ ಕ್ಲಚ್, ಹೊಂಡಕ್ಕೆ ಬಿದ್ದು ಹೋದ ಬುಷ್ಷು, ಒಂದೂ ಬರಲ್ಲ.

ನಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಎಎಂಟಿ ಗೇರು (ಕ್ಲಚ್ ಪೆಡಲ್ ಇಲ್ಲದೇ ತಾನೇ ಗೇರ್ ಬದಲಿಸೋದು), 2023ರ ಕೊನೇಲಿ ತಗೊಂಡಾಗ ಐದು ವರ್ಷ ಹಳೇದು, ಕಂಪನಿ ವಾರಂಟಿ ಮುಗಿದಿತ್ತು. ನಾನು ಕೆಲಸ ಮಾಡೋ ಶಾಲೆ ಕುಮಟಾ ಹತ್ರ, ಅತ್ತೆ ಮನೆ ಶಿರಸಿ ಆಚೆ, ಹಾಗಾಗಿ ರಜೆ ಬಂತು ಅಂದ್ರೆ ದೇವಿಮನೆ ಘಟ್ಟ ಹತ್ತಲೇಬೇಕು. ಮ್ಯಾನುವಲ್ ಗೇರಿನ ಪೆಟ್ರೋಲ್ ಗಾಡಿ ಆಗಿದ್ರೆ ನಾನು ವಾರಂಟಿ ಕಡೆ ತಿರುಗಿನೂ ನೋಡ್ತಿರ್ಲಿಲ್ಲ. ಎಎಂಟೀಲಿ ಕ್ಲಚ್ ಒತ್ತೋದು, ಗೇರ್ ಬದಲಿಸೋದು ಎರಡನ್ನೂ ಮಾಡೋ ಆಕ್ಚುಯೇಟರ್ ಅಂತ ಒಂದು ಯುನಿಟ್ ಇರುತ್ತೆ, ಅದರೊಳಗೆ ಸಣ್ಣ ಪಂಪು, ಆಯಿಲ್, ವಾಲ್ವುಗಳು, ಅದು ಕೈಕೊಟ್ರೆ ರಿಪೇರಿಗಿಂತ ಇಡೀ ಯುನಿಟ್ಟೇ ಬದಲಿಸಿ ಅನ್ನೋದು ಜಾಸ್ತಿ. ಆ ಒಂದೇ ಒಂದು ಭಾಗದ ಭಯಕ್ಕೆ ನಾನು ಜಿಎಸ್‌ಟಿ ಸೇರಿ ಹದಿನಾಲ್ಕೂವರೆ ಸಾವಿರ ಕೊಟ್ಟಿದ್ದು. ಕೊಡೋ ಮುಂಚೆ ಬ್ರೋಷರ್ ಬೇಡ, ಪೂರ್ತಿ ಷರತ್ತಿನ ಪುಸ್ತಕ ಕೊಡಿ ಅಂತ ಕೂತು, ಕವರ್ ಆಗೋ ಭಾಗಗಳ ಪಟ್ಟೀಲಿ ಆಕ್ಚುಯೇಟರ್ ಹೆಸರು ಇದೆಯಾ ಅಂತ ನೋಡಿ ಅದರ ಕೆಳಗೆ ಪೆನ್ನಲ್ಲಿ ಗೆರೆ ಎಳೆದೇ ಸಹಿ ಮಾಡಿದ್ದು. "ಗೇರ್‌ಬಾಕ್ಸ್ ಕವರ್ ಇದೆ" ಅಂತ ಬಾಯಲ್ಲಿ ಹೇಳಿದ್ದಕ್ಕೆ ಒಂದು ಪೈಸೆ ಬೆಲೆ ಇಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳ್ಬೇಕು, ತುಂಬಾ ಜನ ಎಲ್ಲಾ ವಾರಂಟಿನೂ ಒಂದೇ ಅಂದ್ಕೊಂಡಿದ್ದಾರೆ. ಕಾರ್ ಕಂಪನಿಯದ್ದೇ ವಾರಂಟಿ ಬಾಕಿ ಇದ್ರೆ ಅದು ಸಾಮಾನ್ಯವಾಗಿ ಗಾಡಿ ಜೊತೆ ಎರಡನೇ ಮಾಲೀಕರಿಗೆ ಬರುತ್ತೆ, ಹೆಸರು ಬದಲಾಯಿಸಿಕೊಂಡ್ರೆ ಆಯ್ತು, ಯಾವ ಊರಿನ ಅಧಿಕೃತ ಸರ್ವಿಸ್ ಸೆಂಟರಲ್ಲೂ ನಡೆಯುತ್ತೆ. ಮಾರುತಿಯವರು 2024ರ ಜುಲೈಯಿಂದ ಹೊಸ ಗಾಡಿಗಳ ಮಾಮೂಲಿ ವಾರಂಟಿನೇ 2 ವರ್ಷ, 40 ಸಾವಿರ ಕಿ.ಮೀ.ನಿಂದ 3 ವರ್ಷ, 1 ಲಕ್ಷ ಕಿ.ಮೀ.ಗೆ ಏರಿಸಿದ್ರು, ಅಂಥ ಗಾಡಿ ಸಿಕ್ಕಿದ್ರೆ ಮೇಲಿಂದ ಇನ್ನೊಂದು ವಾರಂಟಿ ಯಾಕೆ ಬೇಕು? ಇನ್ನು ಕಂಪನಿಗಳೇ ನಡೆಸೋ ಹಳೇ ಕಾರಿನ ಅಂಗಡಿಗಳು, ಮಾರುತಿಯವರ ಟ್ರೂ ವ್ಯಾಲ್ಯೂ ಥರದ್ದು, ಅಲ್ಲಿ ಸರ್ಟಿಫೈಡ್ ಅಂತ ಮಾರೋ ಗಾಡಿಗೆ ಅವ್ರದ್ದೇ ವಾರಂಟಿ ಇರುತ್ತೆ. ಮೂರನೇದು ನಂದು, ಡೀಲರ್ ಮಾರೋದು, ಆದ್ರೆ ಕ್ಲೇಮ್ ನೋಡೋದು ಬೇರೆ ಯಾವುದೋ ಸಂಸ್ಥೆ. ಕಿರಿಕಿರಿ ಎಲ್ಲ ಈ ಮೂರನೇ ನಮೂನೇಲೇ.

ಎರಡನೇ ವರ್ಷ ದೇವಿಮನೆ ಹತ್ತುವಾಗ, ಮುಂದೆ ಲೋಡ್ ಲಾರಿ, ಫಸ್ಟ್ ಗೇರಲ್ಲೇ ತೆವಳ್ತಾ ಇದ್ದೆ, ಮೀಟರಲ್ಲಿ ಗೇರ್ ನಂಬರ್ ತೋರಿಸೋ ಜಾಗದಲ್ಲಿ ಎನ್, ಅಂದ್ರೆ ನ್ಯೂಟ್ರಲ್ ಅಂತ ಮಿಣುಕೋಕೆ ಶುರು ಆಯ್ತು. ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ನಮ್ಮನೆಯವ್ರು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ರು. ರಸ್ತೆ ಅಗಲ ಮಾಡೋ ಕೆಲಸದ ಮಣ್ಣು ಒಂದು ಕಡೆ, ತಿರುವು ಒಂದು ಕಡೆ, ಹಿಂದೆ ಬಸ್ಸಿನ ಹಾರ್ನು. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದ್ರೆ ಗೇರ್ ಬಿತ್ತು, ಹೇಗೋ ತಿರುಗಿಸ್ಕೊಂಡು ಇಳಿಜಾರಲ್ಲೇ ನಿಧಾನ ಇಳಿಸಿ ಕುಮಟಾ ಮುಟ್ಟಿದ್ವಿ.

ನಮ್ಮ ಪರಿಚಯದ ಗ್ಯಾರೇಜಿನವ್ರು ಬಾನೆಟ್ ಎತ್ತಿ ಒಂದು ಸಲ ಕಿವಿ ಕೊಟ್ಟು ಕೇಳಿದ್ರು, ಪಂಪು ನಿಲ್ಲದೇ ಗುರ್ ಅಂತಿತ್ತು. "ಅಕ್ಕೋರೆ, ವಾರಂಟಿ ಉಂಟಲ್ಲ, ನಾನು ಎಂತದ್ದೂ ಬಿಚ್ಚೂದಿಲ್ಲ, ಮೊದ್ಲು ಅವ್ರಿಗೆ ಫೋನ್ ಮಾಡಿ" ಅಂದ್ರು. ಆ ಮನುಷ್ಯ ಅವತ್ತು ಒಂದು ಬೋಲ್ಟ್ ಸಡಿಲ ಮಾಡಿದ್ರೂ ನನ್ನ ಕ್ಲೇಮ್ ಹೋಗ್ತಿತ್ತು. ವಾರಂಟಿ ಸಂಸ್ಥೆಯವ್ರ ಒಪ್ಪಿಗೆ ಬರೋ ಮುಂಚೆ ಬಿಚ್ಚಿದ್ರೆ ಕೊಡಲ್ಲ ಅಂತ ಷರತ್ತಲ್ಲೇ ಇದೆ, ಇದು ಎಲ್ಲರೂ ನೆನಪಿಡ್ಬೇಕಾದ ಮಾತು.

ಆಮೇಲೆ ಗಾಡಿ ಹುಬ್ಬಳ್ಳಿಗೆ ಹೋಗ್ಬೇಕು, ಅವ್ರು ಒಪ್ಪೋ ವರ್ಕ್‌ಶಾಪ್ ಅಲ್ಲೇ ಇರೋದು. ಕುಮಟಾದಿಂದ 150 ಕಿ.ಮೀ. ಮೇಲೆ. ಉಚಿತ ಟೋಯಿಂಗ್ ಅಂತ ಇತ್ತು, ಆದ್ರೆ 50 ಕಿ.ಮೀ. ತನಕ ಮಾತ್ರ, ಉಳಿದ ದೂರಕ್ಕೆ ಆರೂವರೆ ಸಾವಿರ ನಮ್ಮ ಕೈಯಿಂದ. ಅಲ್ಲಿ ಸ್ಕ್ಯಾನ್ ಮಾಡಿ, ಸರ್ವಿಸ್ ಬಿಲ್ಲುಗಳು, ಓಡೋಮೀಟರ್ ಫೋಟೋ ಎಲ್ಲ ಕಳಿಸಿದ ಮೇಲೆ ಆ ಕಡೆಯಿಂದ ಬಂದ ಉತ್ತರ, ಕ್ಲಚ್ ಸವೆದಿದೆ, ಅದರಿಂದಲೇ ಆಕ್ಚುಯೇಟರ್ ಹೋಗಿದೆ, ಕ್ಲಚ್ ನಮಗೆ ಬರಲ್ಲ, ಹಾಗಾಗಿ ಇದೂ ಬರಲ್ಲ. ಸವೆತದ ಭಾಗವನ್ನ ಹಿಡ್ಕೊಂಡು ದೊಡ್ಡ ಭಾಗವನ್ನೂ ತಳ್ಳಿಹಾಕೋದು ಇವ್ರ ಮಾಮೂಲು ದಾರಿ. ನಾನು ಫೋನಲ್ಲಿ ವಾದ ಮಾಡ್ಲಿಲ್ಲ, ಅದೇ ಮಾತನ್ನ ಇ-ಮೇಲಲ್ಲಿ ಬರ್ದು ಕಳಿಸಿ, ಯಾವ ಷರತ್ತಿನ ಪ್ರಕಾರ ಅಂತ ನಂಬರ್ ಹಾಕಿ ಅಂದೆ. ಜೊತೆಗೆ ಸ್ಕ್ಯಾನ್ ರಿಪೋರ್ಟ್ ಲಗತ್ತಿಸಿದೆ, ಅದರಲ್ಲಿ ಬಂದ ಫಾಲ್ಟ್ ಪಂಪಿನ ಒತ್ತಡದ್ದು, ಕ್ಲಚ್ಚಿಂದಲ್ಲ. ವಾರ ಕಳೆದು ಒಪ್ಪಿಗೆ ಬಂತು. ಆಕ್ಚುಯೇಟರ್ ಲೇಬರ್ ಸೇರಿ 38 ಸಾವಿರದ ಆಸುಪಾಸು, ಅದು ಅವ್ರದ್ದು, ಕ್ಲಚ್ ಸೆಟ್ ನಮ್ಮದು, ಅದು ನ್ಯಾಯವೇ.

ಇನ್ನೊಂದು ಕ್ಲೇಮ್ ಎಸಿಯದ್ದು, ಅದು ಸಿಗ್ಲಿಲ್ಲ. ಗ್ಯಾಸ್ ನಿಲ್ತಾ ಇರ್ಲಿಲ್ಲ, ಮುಂದಿನ ಬಂಪರ್ ತೆಗೆದು ನೋಡಿದ್ರೆ ಎಸಿ ಗ್ಯಾಸನ್ನ ತಣ್ಣಗೆ ಮಾಡೋ ಕಂಡೆನ್ಸರ್‌ನ ಸಣ್ಣ ಸಣ್ಣ ಅಲ್ಯೂಮಿನಿಯಂ ರೆಕ್ಕೆಗಳು ಬಿಳಿ ಪುಡಿ ಆಗಿ ಬೆರಳು ತಾಗಿದ್ರೆ ಉದುರ್ತಿದ್ವು. ಕರೋಷನ್, ಅಂದ್ರೆ ತುಕ್ಕು ಅಂತ ಬರ್ದು ಫೈಲ್ ಮುಚ್ಚಿದ್ರು. ಸಮುದ್ರದಿಂದ ಎರಡು ಮೈಲಿ ದೂರದಲ್ಲಿ ಇರೋ ಗಾಡಿಗೆ ತುಕ್ಕು ಬರದೇ ಇರುತ್ತಾ? ಕರಾವಳಿ ಜಿಲ್ಲೆಯವ್ರಿಗೆ ಇದೇ ಪಾಲಿಸಿ ಇದೇ ದರಕ್ಕೆ ಮಾರೋವಾಗ ಈ ಮಾತು ಮುಂಚೆನೇ ಬಾಯಿಬಿಟ್ಟು ಹೇಳ್ಬೇಕು, ಇದು ನನ್ನ ಗಟ್ಟಿ ಅಭಿಪ್ರಾಯ.

ಸರ್ವಿಸ್ ತಾರೀಖಿನ ವಿಷಯಾನೂ ಹಾಗೇ. ಹೇಳಿದ ತಿಂಗಳು ಅಥವಾ ಕಿಲೋಮೀಟರ್ ದಾಟಿ ಸರ್ವಿಸ್ ಮಾಡಿಸಿದ್ರೆ ವಾರಂಟಿ ರದ್ದು. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಅಷ್ಟು ಜೀವ ಹೋಯ್ತಲ್ಲ, ಅಂಕೋಲಾ ಕಡೆ ಹೆದ್ದಾರಿ ಬಂದ್, ಆ ಮಳೇಲಿ ಘಟ್ಟದ ರಸ್ತೆ ನಂಬೋ ಹಾಗಿರ್ಲಿಲ್ಲ, ನನ್ನ ಸರ್ವಿಸ್ ಡ್ಯೂ ಅದೇ ಹೊತ್ತಿಗೆ. ಅವಧಿ ಮುಗಿಯೋ ಮುಂಚೆನೇ ರಸ್ತೆ ಬಂದ್ ಆದ ಪೇಪರ್ ಸುದ್ದಿ ಹಾಕಿ ಮೇಲ್ ಮಾಡಿ ಮುಂದಕ್ಕೆ ಹಾಕಿಸ್ಕೊಂಡೆ. ನಮ್ಮ ಜಿಲ್ಲೆಯವ್ರು ಆದಷ್ಟು ಮೇ ತಿಂಗಳೊಳಗೇ ಸರ್ವಿಸ್ ಮುಗಿಸಿಟ್ಕೊಳ್ಳೋದು ಒಳ್ಳೇದು.

ನೀರು ತುಂಬಿದ ರಸ್ತೇಲಿ ಇಂಜಿನ್‌ಗೆ ನೀರು ಹೋದ್ರೆ ಅದು ಇನ್ಶುರೆನ್ಸಿನ ಇಂಜಿನ್ ಪ್ರೊಟೆಕ್ಟ್ ಆಡ್‌ಆನ್‌ಗೆ ಸೇರಿದ್ದು, ವಾರಂಟಿಗೂ ಅದಕ್ಕೂ ಸಂಬಂಧ ಇಲ್ಲ. ಹಳೇ ಕಾರ್ ತಗೊಂಡ 14 ದಿನದೊಳಗೆ ಇನ್ಶುರೆನ್ಸ್ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳಿ, ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗೋ ರಿಯಾಯಿತಿ) ನಿಮಗೆ ಬರಲ್ಲ. ಇನ್ನೊಂದು, ಕಂಪನಿ ರಿಕಾಲ್ ಮಾಡಿದ, ಅಂದ್ರೆ ತಯಾರಿಕೆಯಲ್ಲೇ ದೋಷ ಇದೆ ಅಂತ ವಾಪಸ್ ಕರೆದ ಭಾಗ ಇದ್ರೆ ಅದನ್ನ ಎಷ್ಟನೇ ಮಾಲೀಕರಾದ್ರೂ ಪುಕ್ಕಟೆ ಮಾಡಿಕೊಡ್ತಾರೆ, ಚಾಸಿ ನಂಬರ್ ಹಾಕಿ ಕಂಪನಿ ವೆಬ್‌ಸೈಟಲ್ಲೇ ನೋಡಬಹುದು.

ಕಾರವಾರದ ನಮ್ಮ ಭಾವ ಮಾಡಿದ್ದು ಬೇರೆ. ಮ್ಯಾನುವಲ್ ಪೆಟ್ರೋಲ್ ಗಾಡಿ, ವಾರಂಟಿ ಬೇಡ ಅಂದು, ಅದೇ ದುಡ್ಡಲ್ಲಿ ತನ್ನ ಮೇಸ್ತ್ರೀನ ಕರ್ಕೊಂಡು ಹೋಗಿ ಲಿಫ್ಟಿಗೆ ಹಾಕಿಸಿ ಅಡಿ ಪೂರ್ತಿ ನೋಡಿಸಿ, ತಂದ ಮೇಲೆ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದ್ರು. ಅವ್ರ ಗಾಡಿಗೆ ಅದೇ ಸರಿ, ಕೆಟ್ರೆ ಕಾರವಾರದಲ್ಲೇ ಸಣ್ಣ ಖರ್ಚಲ್ಲಿ ರಿಪೇರಿ ಆಗುತ್ತೆ. ಎಎಂಟಿ, ಟರ್ಬೋ ಡೀಸೆಲ್, ಒಂದು ಯುನಿಟ್ ಹೋದ್ರೆ ಅರ್ಧ ಲಕ್ಷ ಕೇಳೋ ಗಾಡಿ ಆದ್ರೆ ಮಾತ್ರ ವಾರಂಟಿ ಯೋಚನೆ ಮಾಡಿ, ಅದೂ ಒಂದು ಕ್ಲೇಮಿಗೆ ಎಷ್ಟು ಮಿತಿ, ಲೇಬರ್ ಸೇರಿದೆಯಾ, ಹತ್ತಿರದ ವರ್ಕ್‌ಶಾಪ್ ಯಾವುದು ಅಂತ ಬರಹದಲ್ಲಿ ತಗೊಂಡ ಮೇಲೆ.

ಕ್ಲೇಮ್ ಅನ್ಯಾಯವಾಗಿ ತಳ್ಳಿಹಾಕಿದ್ರೆ ಡೀಲರ್ ಇರೋ ಊರಿಗೇ ಹೋಗಿ ಕೇಸ್ ಹಾಕ್ಬೇಕು ಅಂತೇನಿಲ್ಲ, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ನಮ್ಮ ಜಿಲ್ಲಾ ಗ್ರಾಹಕರ ಆಯೋಗ ಕಾರವಾರದಲ್ಲೇ ಇದೆ, 5 ಲಕ್ಷದ ತನಕ ದೂರಿನ ಶುಲ್ಕ ಇಲ್ಲ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಈಗ ರಿನ್ಯೂ ಮಾಡಿ ಅಂತ ಅವ್ರಿಂದ ಫೋನ್ ಬರ್ತಾ ಇದೆ, ಈ ಸಲ ದರ ಇನ್ನೂ ಜಾಸ್ತಿ. ನಾನು ಭಯಪಟ್ಟಿದ್ದ ಭಾಗ ಹೊಸದಾಗಿದೆ, ಬೇಡ ಅಂತ ಹೇಳಿದೀನಿ. ಆ ದುಡ್ಡಲ್ಲಿ ಮೊದಲು ಕಂಡೆನ್ಸರ್ ಹಾಕಿಸ್ಬೇಕು.