ಒರೆಗಾನ್ ಕಾನೂನೋ, ಕೆನಡಾ ಕಾನೂನೋ?

ವೈದ್ಯರ ನೆರವಿನ ಸಾವಿಗೆ ಎರಡೂ ಕಡೆ ಅವಕಾಶ ಇದೆ, ದಾರಿ ಮಾತ್ರ ಬೇರೆ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1997ರಿಂದ ಇದು ಜಾರಿಯಲ್ಲಿದೆ. ರೋಗಿ ಆರು ತಿಂಗಳಿಗಿಂತ ಜಾಸ್ತಿ ಬದುಕುವುದಿಲ್ಲ ಅಂತ ಇಬ್ಬರು ವೈದ್ಯರು ಹೇಳಬೇಕು, ರೋಗಿ ಎರಡು ಸಲ ಬಾಯಿಬಿಟ್ಟು ಕೇಳಬೇಕು, ನಡುವೆ ಸಾಮಾನ್ಯವಾಗಿ 15 ದಿನ ಕಾಯಬೇಕು, ಇಬ್ಬರು ಸಾಕ್ಷಿಗಳ ಮುಂದೆ ಬರೆದೂ ಕೊಡಬೇಕು. ಸಾವು ತರುವ ಔಷಧಿಯನ್ನು ರೋಗಿಯೇ ತೆಗೆದುಕೊಳ್ಳಬೇಕು. ನನಗೆ ಇದೇ ದೊಡ್ಡ ರಕ್ಷಣೆ ಅನ್ನಿಸುತ್ತದೆ, ಕೊನೇ ಗಳಿಗೆಯಲ್ಲೂ ಬೇಡ ಅಂತ ಸುಮ್ನೆ ಪಕ್ಕಕ್ಕಿಡಬಹುದು ಅಲ್ವಾ? ಆದರೆ ನುಂಗಲು ಆಗದವರಿಗೆ ಅದೇ ಅಡ್ಡಗೋಡೆ.

ಕೆನಡಾದ 2016ರ ಕಾನೂನಿನಲ್ಲಿ ವೈದ್ಯರೇ ಇಂಜೆಕ್ಷನ್ ಕೊಡಬಹುದು. 2021ರ ತಿದ್ದುಪಡಿಯ ನಂತರ ಸಾವು ಹತ್ತಿರ ಇಲ್ಲದವರೂ ಕೇಳಬಹುದು, ಅವರ ಪರಿಶೀಲನೆಗೆ ಸಾಮಾನ್ಯವಾಗಿ ಕನಿಷ್ಠ 90 ದಿನ ಬೇಕು. ಹೊರಗಿನವರಿಗೆ ಬಾಗಿಲು ಮುಚ್ಚಿದೆ. ಆದರೆ ಒರೆಗಾನ್ 2023ರಲ್ಲಿ ಅಲ್ಲಿಯ ನಿವಾಸಿಯೇ ಆಗಿರಬೇಕೆಂಬ ನಿಯಮವನ್ನು ತೆಗೆದುಹಾಕಿತು.